ಬಲಗೈಗೆ ಬಂದ ಹೊಸ ಆವೃತ್ತಿ

ನನ್ನ ಬಲಗೈಯಲ್ಲಿರುವ ಕಸೂತಿ ಕಲೆ ಗುರುಗಳಾದ ನೀಲವ್ವನವರ ಕೈಯಿಂದ ತುಂಬಿಸಿಕೊಂಡದ್ದು. ವರ್ಷಕ್ಕೊಮ್ಮೆ ಬರುವ ಅದರ ಹೊಸ ಆವೃತ್ತಿ ಇವತ್ತು ಬಂತು!

ಹೋದ ವರ್ಷ ಗೆಳತಿ ಶಶಿಕಲಾ ಹಳೆಯದನ್ನು ಉಳಿಸದೆ ಅಪ್‌ಡೇಟ್ ಒತ್ತಿಬಿಟ್ಟಿದ್ದಳು. ಅವಳೇ ಕಟ್ಟಿದ್ದ ನವಿಲಿನ ಚಿತ್ತಾರ ಬೆರಳುಗಳಿಂದ ಅಳಿಸಿಹೋಯಿತು. ಈಗ ನನ್ನ ಕೈಯಲ್ಲೂ ಮೂರು ತಿಂಗಳು ಕೂತು ನಾನೇ ಹೆಣೆದ, ಇನ್ನೂ ಹೂವಿಡದ ಬಳ್ಳಿಯೊಂದಿದೆ.

"ಒತ್ತವಾ! ಎಷ್ಟೊತ್ತ ಹಿಂಗ ಕುಂದರತಿ?" ಎಂದಳು ಶಶಿಕಲಾ.

"ತಡಿಯ. ಮೊದಲ ಕೈಯಾಗಿಂದು ಉಳಿಸಬೇಕು, ಆಮ್ಯಾಲೆ ಮೈಯ ದಾಖಲೆ. ಸಂಜಿ ಕ್ಲಾಸಿನ್ಯಾಗ ಹಂಗ ಹೇಳ್ಯಾರ."

ಹೊಸ ಆವೃತ್ತಿಯನ್ನು ಮೂರು ಸಲ ಪರೀಕ್ಷಿಸಿದೆ. ಕೈಯಲ್ಲಿದ್ದದ್ದನ್ನು ಉಳಿಸಿ, ಹೊಸದನ್ನು ಅದರೊಂದಿಗೆ ಜೋಡಿಸಿದೆ. ಬಳ್ಳಿಯನ್ನು ಹೆದರುತ್ತಲೇ ಗುರುಗಳ ಕೈಯಲ್ಲಿರುವ ಮೂಲಪ್ರತಿಗೂ ಕಳಿಸಿದೆ. ಕೊನೆಗೆ, ಇನ್ನು ಮುಂದೆ ಈ ಹೊಸ ಆವೃತ್ತಿಯ ಕೈಯೇ ನನ್ನದೆಂದು ಮೈಯ ದಾಖಲೆಯಲ್ಲಿ ಗುರುತು ಹಾಕಿದೆ.

ಸೂಜಿ ಹಿಡಿದೆ. ಬೆರಳುಗಳು ಬಟ್ಟೆಯ ಮೇಲೆ ಹೊಸ ಆವೃತ್ತಿಯ ಗೋಪುರವೊಂದನ್ನು ಹಾಕಿದವು. ಅದರ ಪಕ್ಕದಲ್ಲೇ ನನ್ನ ಬಳ್ಳಿ, ಒಂದು ಎಳೆಯೂ ತಪ್ಪದೆ! ಶಶಿಕಲಾ ಚಪ್ಪಾಳೆ ತಟ್ಟಿದಳು.

ಅಷ್ಟರಲ್ಲಿ ನೀಲವ್ವನವರ ಫೋನು. "ನನ್ನ ಕೈ ತಾನ ಬಳ್ಳಿ ಹಾಕಾಕತ್ತೈತಿ. ಯಾರದವಾ ಇದು?"

"ನಂದ್ರೀ ಅಕ್ಕಾರ... ತಪ್ಪಾತೇನ್ರೀ?"

"ಬಳ್ಳಿ ಅರ್ಧಕ್ಕ ನಿಂತೈತಿ, ನನಗ ಕುಂತಲ್ಲಿ ಕುಂದರಾಕ ಆಗವಲ್ದು. ಹೂವು ಯಾವಾಗ ಕಳಸ್ತಿ?"