ದೊಡ್ಡಪ್ಪನ ಶೇಂಗಾ ಪರೀಕ್ಷೆ

ಈಗಲೂ ಎಲ್ಲಾದರೂ ಶೇಂಗಾ ಹುರಿಯುವ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಹುಮನಾಬಾದಿನ ದೊಡ್ಡಪ್ಪನ ಶಾಣ್ಯಾತನ.

ಶೇಂಗಾ ತಿಂದರೆ ನನಗೆ ಗಂಟಲು ಬಾತುಕೊಳ್ಳುತ್ತಿತ್ತು. ಮೈಗೆ ಶೇಂಗಾ ಸ್ವಲ್ಪಸ್ವಲ್ಪವಾಗಿ ರೂಢಿಯಾಗಲೆಂದು ಹೈದರಾಬಾದಿನ ಡಾಕ್ಟರು ಚಿಕಿತ್ಸೆ ಶುರು ಮಾಡಿದ್ದರು. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಅವ್ವ ದಿನಾ ಸಂಜೆ ಚಿಟಿಕೆಗಿಂತ ಕಡಿಮೆ ಶೇಂಗಾ ಪುಡಿಯನ್ನು ತೂಗಿ, ಬಾಳೆಹಣ್ಣಿನಲ್ಲಿ ಕಲಸಿ ಕೊಡುತ್ತಿದ್ದಳು. ಮೈ ಬಿಸಿಯಾದರೆ ಅಷ್ಟು ಪುಡಿಯೂ ಬಾಧಿಸಬಹುದೆಂದು ಆಮೇಲೆ ಎರಡು ತಾಸು ನಾನು ಓಡುವಂತಿರಲಿಲ್ಲ. ಓಣಿಯ ಹುಡುಗಿಯರು ಕುಂಟಾಬಿಲ್ಲೆ ಆಡುವುದನ್ನು ಏಳು ತಿಂಗಳು ಹೊಸ್ತಿಲ ಮೇಲೆ ಕುಳಿತು ನೋಡಿದ್ದೆ.

ದೊಡ್ಡಪ್ಪನ ಬಸುರಿ ಮಗಳ ಕುಬಸಕ್ಕೆ ಹುಮನಾಬಾದಿಗೆ ಹೋದೆವು. ಬೀಗರ ಎದುರು ದೊಡ್ಡಪ್ಪ ನಗುತ್ತ, "ಶೇಂಗಾ ತಿಂದು ಸತ್ತವ್ರನ್ನ ನಾ ಎಲ್ಲೂ ಕಂಡಿಲ್ರಿ. ಇದೆಲ್ಲಾ ಬರೇ ನಖರಾ" ಎಂದ. ಅವ್ವ ಒಳಗೆ ಹೋದಾಗ ನನ್ನನ್ನು ಕರೆದು, "ಬ್ಯಾಳಿ ಹೋಳಗಿ ಅದ, ತಿನ್ನು" ಎಂದು ಒಂದು ತುಂಡು ಬಾಯಿಗಿಟ್ಟ. ಅದು ಶೇಂಗಾ ಹೋಳಿಗೆ ಎಂದು ನಾಲಿಗೆಗೆ ತಿಳಿಯುವಷ್ಟರಲ್ಲಿ ನುಂಗಿದ್ದೆ. ತುಟಿ ದಪ್ಪವಾಯಿತು, ಉಸಿರು ಸೀಟಿ ಹೊಡೆಯತೊಡಗಿತು. ಅವ್ವ ಓಡಿ ಬಂದು, ಇಂಥ ಹೊತ್ತಿಗೆಂದೇ ಡಾಕ್ಟರು ಕೊಟ್ಟಿದ್ದ ಔಷಧದ ಸೂಜಿಯನ್ನು ಚೀಲದಿಂದ ತೆಗೆದು ನನ್ನ ತೊಡೆಗೆ ಚುಚ್ಚಿದಳು.

ದವಾಖಾನೆಯಲ್ಲಿ ಕಣ್ಣು ಬಿಟ್ಟಾಗ ಅಪ್ಪ ಹೈದರಾಬಾದಿನ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಚಿಕಿತ್ಸೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಬೇಕಂತೆ. ಬಾಗಿಲಲ್ಲಿ ನಿಂತ ದೊಡ್ಡಪ್ಪ, "ಬಿಸಿಲಿಗಿ ಪಿತ್ತ ಏರಿತ್ತು, ಅಷ್ಟ. ಈಗ ಆರಾಮ ಇದ್ದೀ ಅಲ್ಲವ್ವ?" ಎಂದ. ನಾನು ಗೋಡೆಯ ಕಡೆ ಹೊರಳಿದೆ.

"ದೊಡ್ಡೋರು ಕೇಳಾಕತ್ತಾರ, ಮಾತಾಡು" ಎಂದು ದೊಡ್ಡಮ್ಮ ಗದರಿದಳು.

ಭಾವನ ಎದುರು ಎಂದೂ ದನಿಯೆತ್ತದ ಅವ್ವ, ತಲೆಯಿಂದ ಜಾರಿದ ಸೆರಗನ್ನೂ ಸರಿ ಮಾಡಿಕೊಳ್ಳದೆ, "ಬ್ಯಾಡ. ಆಕಿ ಹಂಗ ಮಲಗ್ಲಿ. ನೀವು ಹೋಗ್ರಿ" ಎಂದಳು.