ಮೂರನೇ ರೀಲು

"ಶ್ಯಾಮಣ್ಣ, ಇದು ನನ್ನ ರೀಲಲ್ಲ," ಎನ್ನುತ್ತಲೇ ಶಿವಶಂಕರ್ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಹಳೆಯ ಸಿನಿಮಾಗಳನ್ನು ಮನೆಯ ಗೋಡೆಗೆ ಬಿಟ್ಟು ನೋಡುವ ಹುಚ್ಚು ಇಬ್ಬರಿಗೂ ಇತ್ತು. ಒಂದೇ ಸಿನಿಮಾದ ಪ್ರಿಂಟು ಇಬ್ಬರ ಬಳಿಯೂ ಇತ್ತು. ಹೋದ ವಾರ ಶ್ಯಾಮಣ್ಣ ಅವನ ಮೂರನೇ ರೀಲನ್ನು ಕೇಳಿ ಪಡೆದಿದ್ದರು. ಹಿಂದಿರುಗಿ ಬಂದ ರೀಲಿನಲ್ಲಿ ಅವನು ಗುರುತಿಗೆಂದು ಹಾಕಿದ್ದ ಕಚ್ಚು ಇರಲಿಲ್ಲ.

ಆದರೆ ಇಲ್ಲಿಗೆ ಬರುವಾಗ ಪೀಣ್ಯದಿಂದ ಚಿಕ್ಕಬಾಣಾವರದವರೆಗೂ ಅವನನ್ನು ಕೊರೆದದ್ದು ಬೇರೆಯೇ ವಿಷಯ. ಅವನ ರೀಲು ಬಣ್ಣಗೆಟ್ಟು ಪೂರ್ತಿ ಕೆಂಪಾಗಿತ್ತು. ಇದರ ಬಣ್ಣಗಳು ಇನ್ನೂ ಹೊಸದರಂತಿದ್ದವು. ಪ್ರಿಂಟಿನ ಬೆಲೆ ನಿಲ್ಲುವುದೇ ಬಣ್ಣದ ಮೇಲೆ. ಒಳ್ಳೆಯದನ್ನು ಕೊಟ್ಟು ಕೆಟ್ಟದ್ದನ್ನು ಯಾರು ಇಟ್ಟುಕೊಳ್ಳುತ್ತಾರೆ? ತನ್ನ ಕಣ್ಣಿಗೆ ಬೀಳದ ಏನನ್ನೋ ಇವರು ಅದರಲ್ಲಿ ಕಂಡಿದ್ದಾರೆ.

"ನಿಜ ಹೇಳಿ. ನನ್ನ ರೀಲಲ್ಲಿ ಏನಿದೆ?"

"ಸೌಂಡ್ ಕಣೋ," ಎಂದರು ಶ್ಯಾಮಣ್ಣ. "ನಂದ್ರಲ್ಲಿ ಬರೀ ಕರಕರ. ನಿಂದ್ರಲ್ಲಿ ಒಂದೊಂದ್ ಮಾತೂ ಕೇಳ್ಸುತ್ತೆ."

"ಮತ್ತೆ ಬಣ್ಣ?"

"ಕಣ್ಣು ಹೋಗ್ತಾ ಇದೆ ಶಿವು. ಶುಗರ್ರು. ಗೋಡೆ ಮೇಲೆ ನಂಗೆ ಬರೀ ಬೆಳಕು ಕಾಣ್ಸೋದು. ನಿಂಗೆ ಹೇಳೋಕೆ ಬಾಯೇ ಬರ್ಲಿಲ್ಲ."

ಅವರು ಬೆರಳಿನಿಂದಲೇ ತಡವಿ ಆ ಕೆಂಪು ರೀಲನ್ನು ಪ್ರೊಜೆಕ್ಟರಿಗೆ ಏರಿಸಿದರು. ನಾಯಕಿ ಹಾಡತೊಡಗಿದಾಗ ಸ್ಪೀಕರಿನತ್ತ ಕಿವಿಯಿಟ್ಟು, "ಅವಳ ಸೀರೆ ಯಾವ ಬಣ್ಣ ಇತ್ತೋ?" ಎಂದರು.

ಶಿವಶಂಕರ್ ನಿನ್ನೆ ಅವರ ರೀಲು ಬಿಟ್ಟಾಗ ತನ್ನ ಮನೆಯ ಗೋಡೆಯ ಮೇಲೆ ಕಂಡದ್ದನ್ನು ನೆನೆಯುತ್ತ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡ.

"ಗಿಳಿಹಸಿರು, ಅಣ್ಣ. ಅಂಚು ಹಳದಿ."