ಗೊತ್ತಪ್ಪನ ಬುಲ್ಡೋಜರ್ ರಿಪೇರಿ

ಎರಡನೆಯ ದಿನವೂ ಆ ಚಪ್ಪಲಿಗಳು ಬಂದು ನಿಂತವು.

ಬುಲ್ಡೋಜರಿನ ಹೊಟ್ಟೆಯಡಿ ಅಂಗಾತ ಮಲಗಿದ್ದ ಮೆಕ್ಯಾನಿಕ್ಕಿಗೆ ಕಾಣುತ್ತಿದ್ದದ್ದು ಅಷ್ಟೇ: ಹಳೆಯ ಚಪ್ಪಲಿ, ಅದರೊಳಗೆ ಒಣಕಲು ಪಾದ. ಮೊದಲ ದಿನ ಹಿಂದಿನ ಗೇಟು ತೆಗೆದು ತನ್ನನ್ನು ಒಳಗೆ ಬಿಟ್ಟುಕೊಂಡ ಮುದುಕನವೇ. ಮುಂದಿನ ಗೇಟಿಗೆ ಬೀಗವಿತ್ತು. ಬರುತ್ತಾನೆ, ನೋಡುತ್ತಾನೆ, ಹೋಗುತ್ತಾನೆ. ಏನನ್ನೋ ಹೊಂಚು ಹಾಕುತ್ತಿದ್ದಾನೆ. ಮೆಕ್ಯಾನಿಕ್ ಬಿಚ್ಚಿಟ್ಟ ಬೋಲ್ಟುಗಳನ್ನೆಲ್ಲ ಎದೆಯ ಮೇಲೆ ಎಳೆದುಕೊಂಡ.

ಈ ಮೆಕ್ಯಾನಿಕ್ಕನ್ನು ಎಲ್ಲರೂ ಕರೆಯುತ್ತಿದ್ದದ್ದು ಗೊತ್ತಪ್ಪ ಎಂದು. ಯಾರು ಏನು ಹೇಳಲು ಬಾಯಿ ತೆರೆದರೂ ಅರ್ಧಕ್ಕೇ “ಗೊತ್ತು, ಗೊತ್ತು” ಎನ್ನುವ ಆಸಾಮಿ. ಹೀಗೆ ಗೊತ್ತಿದ್ದೇ ಅಕ್ಕನ ಹೊಲಿಗೆ ಯಂತ್ರ ಬಿಚ್ಚಿದ್ದ. ಅದು ಆಮೇಲೆ ಬಟ್ಟೆ ಹರಿಯುವುದನ್ನು ಕಲಿಯಿತು. ಭಾವನ ಪಂಪು ಬಿಚ್ಚಿದ್ದ. ಅದು ನೀರನ್ನು ಬಾವಿಗೇ ವಾಪಸ್ ಕಳಿಸತೊಡಗಿತು. ಆದರೂ ಅಕ್ಕ ಗಂಡನಿಗೆ ದುಂಬಾಲು ಬಿದ್ದು ತಮ್ಮನಿಗೆ ಈ ಕೆಲಸ ಕೊಡಿಸಿದ್ದಳು.

“ಇದೊಂದು ಸಲ ನನ್ನ ಮರ್ಯಾದೆ ಉಳಿಸೋ,” ಎಂದಿದ್ದಳು.

ಭಾವ ಕೊಂಡ ಹಳೆಯ ಬುಲ್ಡೋಜರು ಭಾನುವಾರದೊಳಗೆ ಓಡಬೇಕು. ಸೋಮವಾರ ಶಾಲೆಯ ಮೈದಾನ ಸಮ ಮಾಡಿಕೊಡುವುದಾಗಿ ಆತ ಮಾತು ಕೊಟ್ಟಾಗಿತ್ತು.

“ಗುಜರಿ ಯಾರ್ಡಲ್ಲಿ ಎರಡು ನಿಂತಿವೆ,” ಎಂದು ಭಾವ ಫೋನಿನಲ್ಲಿ ಹೇಳಿದ್ದ. “ಗೇಟಿಂದ ಒಳಗೆ ಹೋದ್ರೆ ಬಲಗಡೆ ಇರೋದು ನಮ್ದು. ಕೆಳಗಡೆ ಎರಡು ರೋಲರ್ ಸವೆದಿವೆ, ಮಿಕ್ಕಿದ್ದೆಲ್ಲ—”

“ಗೊತ್ತು ಭಾವ, ಗೊತ್ತು.”

ಎರಡು ರೋಲರ್ ಅಂತೆ! ಕೆಳಗೆ ತೂರಿದ ಗೊತ್ತಪ್ಪನಿಗೆ ನಗು ಬಂದಿತ್ತು. ಇದರಲ್ಲಿ ಸವೆಯದೆ ಉಳಿದದ್ದು ಬಣ್ಣದ ಚೂರು ಮಾತ್ರ. ಚೈನು ಜೋತುಬಿದ್ದಿತ್ತು. ಅದನ್ನು ಎಳೆಯುವ ಹಲ್ಲುಚಕ್ರದ ಹಲ್ಲುಗಳು ಮೊಂಡಾಗಿದ್ದವು. ಚೈನಿನ ಮೇಲೆ ಉರುಳುವ ರೋಲರುಗಳು ಎಣ್ಣೆ ಕಾರಿ ಸೊಟ್ಟಗಾಗಿದ್ದವು. ಭಾವನಿಗೆ ಯಂತ್ರದ ಗಂಧಗಾಳಿ ಇಲ್ಲ, ಪಾಪ.

ಪಕ್ಕದಲ್ಲೇ ನಿಂತಿದ್ದ ಇನ್ನೊಂದು, ಅದೇ ಬಣ್ಣ, ಅದೇ ಮಾಡಲ್. ಬಗ್ಗಿ ನೋಡಿದರೆ ಬಿಗಿಯಾದ ಚೈನು, ತುಂಬಿದ ಹಲ್ಲು, ಎರಡು ಬಿಟ್ಟರೆ ಮಿಕ್ಕೆಲ್ಲ ಮಿರಮಿರ ಮಿಂಚುವ ರೋಲರುಗಳು. ಬಂಗಾರದಂಥ ಸಾಮಾನು ಗುಜರಿ ಪಾಲಾಗುತ್ತಿದೆ! ಗೊತ್ತಪ್ಪನ ಕೈ ತುರಿಸಿತು. ಮುದುಕ ಹೊಂಚುವುದು ಯಾಕೆಂದು ಆಗ ಹೊಳೆಯಿತು. ಪಾಪ, ತನ್ನ ಗಾಡಿಗೆ ಕಾವಲು.

ಹೊರಗೆ ತೆವಳಿ ಬಂದು ಹಲ್ಲುಗಿಂಜಿದ.

“ಅಜ್ಜ, ಆ ಗಾಡಿಯಿಂದ ಒಂದಷ್ಟು ಸಾಮಾನು ಬಿಚ್ಚಿ ಇದಕ್ಕೆ ಹಾಕ್ಕೊಂಡ್ರೆ ನಿಮ್ಮ ಅಭ್ಯಂತರ ಏನಾದ್ರೂ…?”

ಅಜ್ಜ ಆ ಗಾಡಿಯನ್ನು ನೋಡಿದ. ಈ ಗಾಡಿಯನ್ನು ನೋಡಿದ. ಗೊತ್ತಪ್ಪನನ್ನು ಬಹಳ ಹೊತ್ತು ನೋಡಿದ.

“ನನ್ನ ಅಭ್ಯಂತರ ಏನಿದೆ ಮಗಾ? ಧಾರಾಳವಾಗಿ ಬಿಚ್ಚು.”

ಗೊತ್ತಪ್ಪ ಕೂಡಲೇ ಭಾವನಿಗೆ ಫೋನು ಹಚ್ಚಿದ.

“ಪಕ್ಕದ ಗಾಡಿ ಸಾಮಾನು ಹಾಕ್ತಿದ್ದೀನಿ ಭಾವ. ಯಜಮಾನ್ರನ್ನ ಕೇಳಾಯ್ತು, ಖುಷಿಯಿಂದ ಒಪ್ಪಿದ್ರು.”

“ಅದರಲ್ಲಿ ಏನಿದೆ ಅಂತ ನೀನು—”

“ಗೊತ್ತು, ಗೊತ್ತು,” ಎಂದು ಫೋನಿಟ್ಟ.

ಮುಂದಿನ ಮೂರು ದಿನ ಯಾರ್ಡಿನಲ್ಲಿ ಸದ್ದೇ ಸದ್ದು. ಜಾಕಿ ಕೊಟ್ಟು ಎತ್ತಿ, ದಿಮ್ಮಿ ಸೇರಿಸಿ, ಗೊತ್ತಪ್ಪ ಆ ಗಾಡಿಯ ಒಂದೊಂದೇ ರೋಲರ್ ಇಳಿಸಿ ಇದಕ್ಕೆ ಕೂರಿಸಿದ. ಅಜ್ಜ ಸುಮ್ಮನೆ ಕೂರಲಿಲ್ಲ. ಪಾನಾ ಎತ್ತಿಕೊಟ್ಟ, ಗ್ರೀಸು ಹಚ್ಚಿದ, ಗಳಿಗೆಗೊಂದು ಚಹಾ ತಂದ. “ಜೋಪಾನ ಮಗಾ, ಹಲ್ಲಿಗೆ ಪೆಟ್ಟು ಬೀಳಬಾರದು,” ಎಂದು ಹಲ್ಲುಚಕ್ರವನ್ನು ಮೊಮ್ಮಗುವಿನಂತೆ ತಡವಿದ.

ಗೊತ್ತಪ್ಪನ ಕರುಳು ಚುರುಕ್ ಎಂದಿತು. ತನ್ನ ಗಾಡಿ ಕಣ್ಣೆದುರೇ ಮೂಳೆ ಚಕ್ಕಳವಾಗುತ್ತಿದ್ದರೂ ಈ ಮುಗ್ಧ ಚಹಾ ಕುಡಿಸುತ್ತಿದ್ದಾನಲ್ಲ!

“ಅಜ್ಜ, ನಿಮಗೆ ಹೊಟ್ಟೆ ಉರಿಯಲ್ವಾ?”

“ಇಷ್ಟು ದಿನ ಉರೀತಿತ್ತು. ನೀನು ಬಂದ್ಮೇಲೆ ತಣ್ಣಗಾಗಿದೆ.”

ಎಂಥ ದೊಡ್ಡ ಮನಸ್ಸು! ಗೊತ್ತಪ್ಪ ಕಣ್ಣೊರೆಸಿಕೊಂಡ, ಮುಖಕ್ಕೆಲ್ಲ ಗ್ರೀಸಾಯಿತು. ಪಾಪಕ್ಕೆ ಪ್ರಾಯಶ್ಚಿತ್ತವಾಗಿ, ಕಳಚಿದ ಸವಕಲು ಸಾಮಾನನ್ನೆಲ್ಲ ಒರೆಸಿ, ದಿಮ್ಮಿಗಳ ಮೇಲೆ ಬೋಳಾಗಿ ಕೂತ ಆ ಗಾಡಿಯ ಮುಂದೆ ಸಾಲಾಗಿ ಜೋಡಿಸಿದ.

ಭಾನುವಾರ ಮಧ್ಯಾಹ್ನ ಕೊನೆಯ ಬೋಲ್ಟು ಬಿಗಿಯಾಯಿತು. ಅಷ್ಟು ಹೊತ್ತಿಗೆ ಅಕ್ಕ, ಭಾವ ಇಬ್ಬರೂ ಮುಂದಿನ ಗೇಟು ತೆಗೆದು ಬಂದರು. ಭಾವ ನಾಲ್ಕು ಹೆಜ್ಜೆ ಇಟ್ಟು, ತನ್ನ ಬಲಗಡೆ ನೋಡಿ, ಗರ ಬಡಿದವನಂತೆ ನಿಂತ. ತೆರೆದ ಬಾಯಿ ಮುಚ್ಚಲಿಲ್ಲ. ಸಂತೋಷಕ್ಕೆ ಮಾತೇ ಹೊರಡುತ್ತಿಲ್ಲ ಎಂದುಕೊಂಡ ಗೊತ್ತಪ್ಪ.

“ಲೋ… ಇದು… ನೀನು…”

“ಗೊತ್ತು ಭಾವ! ಹೊಗಳೋದೆಲ್ಲ ಆಮೇಲೆ. ಮೊದಲು ಸದ್ದು ಕೇಳಿ.”

ಭಾವನ ಬೆರಳಿಗೆ ನೇತಾಡುತ್ತಿದ್ದ ಕೀಲಿ ಕಸಿದುಕೊಂಡು ಒಂದೇ ನೆಗೆತಕ್ಕೆ ಸೀಟಿಗೇರಿದ. ಅಕ್ಕ ಕೈಮುಗಿದು ಕಣ್ಣು ಮುಚ್ಚಿದಳು. ಕೀಲಿ ಒಳಗೆ ಹೋಗಲಿಲ್ಲ. ತಿರುಗಿಸಿ ಹಾಕಿದ, ಊದಿ ಹಾಕಿದ, ಎಂಜಲು ಹಚ್ಚಿ ಹಾಕಿದ. ಊಹೂಂ.

ಅಷ್ಟರಲ್ಲಿ ಅಜ್ಜ ನಿಧಾನವಾಗಿ ಮೇಲೆ ಹತ್ತಿ ಬಂದು, ತನ್ನ ಜೇಬಿನಿಂದ ಇನ್ನೊಂದು ಕೀಲಿ ತೆಗೆದು, ದಿಮ್ಮಿಗಳ ಮೇಲೆ ಕೂತ ಬೋಳು ಗಾಡಿಯ ಕಡೆ ಗಲ್ಲ ತೋರಿಸಿ ಹೇಳಿದ: “ಆ ಕೀಲಿ ಅಲ್ಲಿಗೆ ಹಾಕು ಮಗಾ, ಸರಿಯಾಗಿ ಕೂರುತ್ತೆ, ಈಗ ಸ್ವಲ್ಪ ಪಕ್ಕಕ್ಕೆ ಸರಿ, ನನ್ನ ಗಾಡಿ ನಾನು ಮನೆಗೆ ಹೊಡ್ಕೊಂಡು ಹೋಗ್ತೀನಿ.”